ನರ ಚಿಗುರಿಸುವ ಔಷಧಿ ಹುಡುಕುವ ಮುನ್ನ: ಮೈಕ್ರೋಟ್ಯೂಬ್ಯೂಲ್ ಔಷಧಿಗಳ ಬಗ್ಗೆ ಹಂತ ಹಂತದ ಮಾರ್ಗದರ್ಶಿ

"ಬೈಕಿನಿಂದ ಬಿದ್ದು ತಮ್ಮನ ಕೈ ಸೋತುಹೋಗಿದೆ. ತುಂಡಾದ ನರ ಬೆಳೆಸುವ ಇಂಜೆಕ್ಷನ್ ಬಂದಿದೆಯಂತೆ, ಎಲ್ಲಿ ಸಿಗುತ್ತದೆ?" "ಆಯಿಗೆ ಮರೆವು ಹೆಚ್ಚಾಗಿದೆ. ಮೈಕ್ರೋಟ್ಯೂಬ್ಯೂಲ್ ಸರಿಮಾಡುವ ಮಾತ್ರೆ ಕೊಡಿಸಬಹುದಾ?" "ಕ್ಯಾನ್ಸರಿನ ಇಂಜೆಕ್ಷನ್ ಶುರುವಾದ ಮೇಲೆ ಪಾದ ಜೋಮು ಹಿಡಿದಿದೆ. ಅದೇ ಔಷಧಿ ನರಕ್ಕೆ ಒಳ್ಳೆಯದು ಅಂತಲೂ ಓದಿದೆ, ಯಾವುದು ನಿಜ?" ಕಾರವಾರ, ಕುಮಟಾ, ಶಿರಸಿ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಮೂರರ ಬೇರೂ ಒಂದೇ ಆದ್ದರಿಂದ ಉತ್ತರವನ್ನೂ ಒಂದೇ ಕಡೆ ಕೊಡುತ್ತಿದ್ದೇವೆ.

ಮೊದಲು ನೇರ ಉತ್ತರ. ಮೈಕ್ರೋಟ್ಯೂಬ್ಯೂಲ್, ಅಂದರೆ ಜೀವಕೋಶದೊಳಗಿನ ಅತಿ ಸಣ್ಣ ಕೊಳವೆಯ, ಮೇಲೆ ಕೆಲಸ ಮಾಡಿ ನರದ ಗಾಯವನ್ನಾಗಲಿ, ಅಲ್ಝೈಮರ್, ಪಾರ್ಕಿನ್ಸನ್‌ನಂಥ ನರ ಸವೆಯುವ ಕಾಯಿಲೆಯನ್ನಾಗಲಿ ಗುಣಪಡಿಸುತ್ತದೆಂದು ಅನುಮತಿ ಪಡೆದ ಔಷಧಿ ಈಗ ಯಾವ ಅಂಗಡಿಯಲ್ಲೂ ಇಲ್ಲ. ಸಂಶೋಧನೆ ಮಾತ್ರ ನಿಜವಾದದ್ದು, ಗಂಭೀರವಾದದ್ದು. ಇದೇ ಗುಂಪಿನ ಕೆಲವು ಔಷಧಿಗಳು ಬೇರೆ ಕಾಯಿಲೆಗಳಿಗಾಗಿ ದಿನವೂ ಬಳಕೆಯಾಗುತ್ತಿವೆ, ಮತ್ತು ಅವುಗಳಲ್ಲಿ ಕೆಲವು ನರಕ್ಕೆ ಪೆಟ್ಟು ಕೊಡುತ್ತವೆ. ನರವನ್ನು ಚಿಗುರಿಸಬಹುದೆಂಬ ಗುಣವೂ ನರವನ್ನು ಕೊಲ್ಲುವ ಗುಣವೂ ಒಂದೇ ಔಷಧಿಯಲ್ಲಿದ್ದು, ಎರಡರ ನಡುವೆ ಇರುವುದು ಪ್ರಮಾಣದ ಅಂತರ. ಇದನ್ನು ಮರೆತರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ಕತ್ತಿ ತಗುಲಿಯೋ, ಮರದಿಂದ ಬಿದ್ದೋ, ರಸ್ತೆ ಅಪಘಾತದಲ್ಲೋ ಆದ ಗಾಯ ಇನ್ನೂ ಹಸಿಯಾಗಿದ್ದರೆ ಕ್ರಮವಾಗಿ ಓದುತ್ತ ಕೂರಬೇಡಿ. ನೇರವಾಗಿ 5ನೇ ಹಂತಕ್ಕೆ ಹೋಗಿ. ಅಲ್ಲಿ ದಿನಗಳ ಲೆಕ್ಕವಿದೆ.

ಬೇಕಾಗುವ ಸಾಮಾನು: ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ; ನರದ ಕರೆಂಟ್ ಪರೀಕ್ಷೆ ಮಾಡಿಸಿದ್ದರೆ ಅದರ ವರದಿ; ಎಂಆರ್‌ಐ ಸಿಡಿ; ಸಕ್ಕರೆ, ಬಿ12 ಮತ್ತು ಥೈರಾಯ್ಡ್ ವರದಿ; ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ನಾಟಿ ಮದ್ದಿನ ಪುಡಿ ಸಹಿತ; ದರ್ಜಿಯವರು ಬಳಸುವ ಅಳತೆ ಟೇಪು, ಒಂದು ನೋಟ್‌ಬುಕ್.

1. ಯಾವ ನರ, ಯಾವ ಕಾಯಿಲೆ ಎಂದು ಹೆಸರು ಹಿಡಿಯಿರಿ

"ನರ ದೌರ್ಬಲ್ಯ" ಎನ್ನುವುದು ಕಾಯಿಲೆಯ ಹೆಸರಲ್ಲ. ಆ ಎರಡು ಪದಗಳ ಮೇಲೆ ಯಾವ ಔಷಧಿಯನ್ನೂ ತೂಗಿ ನೋಡಲಾಗದು. ವೈದ್ಯರನ್ನು ಹೀಗೆ ಕೇಳಿ: ತೊಂದರೆ ಮೆದುಳು ಮತ್ತು ಬೆನ್ನುಹುರಿಯಲ್ಲೋ, ಅಲ್ಲಿಂದ ಹೊರಬಂದು ಕೈಕಾಲಿಗೆ ಹೋಗುವ ನರಗಳಲ್ಲೋ? ಕೈಕಾಲಿನ ನರ ತಾನಾಗಿ ಮತ್ತೆ ಬೆಳೆಯಬಲ್ಲದು. ಬೆನ್ನುಹುರಿಯ ನರತಂತು ತಾನಾಗಿ ಬೆಳೆಯುವುದಿಲ್ಲವೆಂದೇ ಹೇಳಬೇಕು.

ಗಾಯವಾಗಿದ್ದರೆ ಎರಡನೇ ಪ್ರಶ್ನೆ: ನರ ಜಜ್ಜಿದೆಯೋ, ಒಳಗಿನ ತಂತುಗಳು ತುಂಡಾಗಿ ಹೊರಕವಚ ಉಳಿದಿದೆಯೋ, ಪೂರ್ತಿ ಕತ್ತರಿಸಿದೆಯೋ? ಬರೀ ಜಜ್ಜಿದ್ದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಕವಚ ಉಳಿದಿದ್ದರೆ ತಂತು ಅದರೊಳಗೇ ದಾರಿ ಹಿಡಿದು ನಿಧಾನವಾಗಿ ಬೆಳೆಯುತ್ತದೆ. ಪೂರ್ತಿ ತುಂಡಾಗಿದ್ದರೆ ಹೊಲಿಗೆ ಬೇಕೇ ಬೇಕು. ಯಾವ ಮಾತ್ರೆಯೂ ಎರಡು ತುದಿಗಳನ್ನು ಹತ್ತಿರ ತಂದು ಕೂಡಿಸುವುದಿಲ್ಲ.

ಗಾಯವಿಲ್ಲದೆ ಪಾದ ಉರಿಯುವುದು, ಜೋಮು ಹಿಡಿಯುವುದು ಇದ್ದರೆ ಮೊದಲು ಸಕ್ಕರೆ, ಬಿ12, ಥೈರಾಯ್ಡ್ ನೋಡಿಸಿ. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ, ಅದಕ್ಕೆ ಚಿಕಿತ್ಸೆ ಅಗ್ಗ. ಮೈಮೇಲೆ ಸ್ಪರ್ಶವಿಲ್ಲದ ಬಿಳಚು ಮಚ್ಚೆಯಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಷ್ಠದ ತಪಾಸಣೆ ಮಾಡಿಸಿ. ಅದರ ಔಷಧಿ ಸರ್ಕಾರದಿಂದ ಉಚಿತ, ತಡಮಾಡಿದರೆ ಮಾತ್ರ ನರ ಶಾಶ್ವತವಾಗಿ ಹೋಗುತ್ತದೆ.

2. ಮೈಕ್ರೋಟ್ಯೂಬ್ಯೂಲ್ ಏನೆಂದು ಒಮ್ಮೆ ಅರ್ಥಮಾಡಿಕೊಳ್ಳಿ

ಜೀವಕೋಶದ ಒಳಗಿರುವ ಅತಿ ಸಣ್ಣ ಕೊಳವೆಯೇ ಮೈಕ್ರೋಟ್ಯೂಬ್ಯೂಲ್, ಸೂಕ್ಷ್ಮನಳಿಕೆ. ಅಗಲ 25 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ನಲವತ್ತು ಸಾವಿರ ಕೊಳವೆಗಳನ್ನು ಪಕ್ಕ ಪಕ್ಕ ಇಡಬಹುದು. ಟ್ಯೂಬುಲಿನ್ ಎಂಬ ಪ್ರೋಟೀನಿನ ಜೋಡಿಗಳು ಸಾಲುಗಟ್ಟಿ, ಅಂಥ 13 ಸಾಲುಗಳು ಸುತ್ತಿಕೊಂಡು ಒಂದು ಕೊಳವೆ ಆಗುತ್ತದೆ.

ನರಕೋಶದಿಂದ ಹೊರಟ ಉದ್ದನೆಯ ತಂತುವಿಗೆ ಆಕ್ಸಾನ್ ಎನ್ನುತ್ತಾರೆ. ಸೊಂಟದ ಹತ್ತಿರ ಹೊರಟು ಪಾದದ ಬೆರಳು ಮುಟ್ಟುವ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದ. ತುದಿಗೆ ಬೇಕಾದ ಸರಕೆಲ್ಲ ಕೋಶದ ಬುಡದಲ್ಲಿ ತಯಾರಾಗಿ ಅಲ್ಲಿಗೆ ಸಾಗಬೇಕು. ಆ ಸಾಗಣೆಗೆ ಹಳಿಯಂತಿರುವುದು ಮೈಕ್ರೋಟ್ಯೂಬ್ಯೂಲ್. ಕೈನೆಸಿನ್ ಎಂಬ ಪ್ರೋಟೀನು ಸರಕನ್ನು ತುದಿಯ ಕಡೆಗೆ ಎಳೆದೊಯ್ಯುತ್ತದೆ, ಡೈನೀನ್ ವಾಪಸ್ ತರುತ್ತದೆ. ವೇಗದ ಸಾಗಣೆ ದಿನಕ್ಕೆ 40 ಸೆಂ.ಮೀ.ವರೆಗೂ ಇದೆ. ಒಂದು ವ್ಯತ್ಯಾಸ ಗಮನಿಸಿ: ರೈಲಿನ ಹಳಿ ಒಮ್ಮೆ ಹಾಕಿದರೆ ಇದ್ದಲ್ಲೇ ಇರುತ್ತದೆ, ಈ ಹಳಿಯ ತುದಿ ಸದಾ ಬೆಳೆಯುತ್ತ, ಕುಸಿಯುತ್ತ, ಮತ್ತೆ ಬೆಳೆಯುತ್ತ ಇರುತ್ತದೆ. ಆ ಚಲನೆ ಇದ್ದರೇ ನರ ಹೊಸ ದಿಕ್ಕಿಗೆ ಚಾಚಬಲ್ಲದು.

ಟೌ ಎಂಬ ಪ್ರೋಟೀನು ಈ ಕೊಳವೆಗೆ ಅಂಟಿಕೊಂಡಿರುತ್ತದೆ. ಅಲ್ಝೈಮರ್‌ನಲ್ಲೂ ಪಿಎಸ್‌ಪಿ ಎಂಬ, ಪಾರ್ಕಿನ್ಸನ್‌ನಂತೆ ಕಾಣುವ ಕಾಯಿಲೆಯಲ್ಲೂ ಟೌ ಕೊಳವೆಯಿಂದ ಕಳಚಿ ಗಂಟು ಕಟ್ಟುತ್ತದೆ. ಬೆನ್ನುಹುರಿಯಲ್ಲಿ ತುಂಡಾದ ಆಕ್ಸಾನಿನ ತುದಿ ಊದಿಕೊಂಡು ನಿಲ್ಲುತ್ತದೆ, ಒಳಗಿನ ಕೊಳವೆಗಳು ದಿಕ್ಕಾಪಾಲಾಗಿರುತ್ತವೆ. ಹಳಿಯನ್ನು ಸ್ವಲ್ಪ ಗಟ್ಟಿಮಾಡಿದರೆ ಸಾಗಣೆ ಸರಿಹೋದೀತು, ತುದಿ ಮತ್ತೆ ಬೆಳೆದೀತು ಎಂಬ ಆಸೆ ಹುಟ್ಟಿದ್ದು ಇಲ್ಲಿಂದ. ಆಸೆಗೆ ಆಧಾರವಿದೆ. ಆದರೆ "ಸ್ವಲ್ಪ" ಎಂದರೆ ಎಷ್ಟು ಎಂಬಲ್ಲಿ ಎಲ್ಲ ತೊಡಕೂ ಇದೆ.

3. ಯಾವ ಔಷಧಿ ಎಲ್ಲಿಯವರೆಗೆ ಬಂದಿದೆ ನೋಡಿ

ಪ್ಯಾಕ್ಲಿಟ್ಯಾಕ್ಸೆಲ್: ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಮೊದಲು ಸಿಕ್ಕಿದ್ದು. ಕೊಳವೆಯನ್ನು ಕುಸಿಯಲು ಬಿಡದೆ ಗಟ್ಟಿಮಾಡುತ್ತದೆ, ಹಾಗಾಗಿ ಕ್ಯಾನ್ಸರ್ ಕೋಶಕ್ಕೆ ಎರಡಾಗಿ ಒಡೆಯಲು ಆಗುವುದಿಲ್ಲ. 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇಂದು ಸ್ತನ, ಶ್ವಾಸಕೋಶದ ಕ್ಯಾನ್ಸರಿಗೂ ಎಲ್ಲೆಡೆ ಕೊಡುತ್ತಾರೆ. ಬಹಳ ಕಡಿಮೆ ಪ್ರಮಾಣವನ್ನು ಇಲಿಗಳ ಬೆನ್ನುಹುರಿಯ ಗಾಯದ ಜಾಗಕ್ಕೇ ಹರಿಸಿದಾಗ ಕಲೆಗಟ್ಟುವುದು ಕಡಿಮೆಯಾಗಿ ತಂತು ಬೆಳೆಯಿತೆಂದು 2011ರಲ್ಲಿ ವರದಿಯಾಯಿತು. ಬೇರೊಂದು ತಂಡ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಫಲಿತಾಂಶ ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ರಕ್ತನಾಳಕ್ಕೆ ಕೊಟ್ಟರೆ ಇದು ಮೆದುಳಿನೊಳಗೆ ಸರಿಯಾಗಿ ಇಳಿಯುವುದೂ ಇಲ್ಲ.

ಎಪೋಥಿಲೋನ್: ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು. ಕೆಲಸ ಪ್ಯಾಕ್ಲಿಟ್ಯಾಕ್ಸೆಲ್‌ನಂತೆಯೇ, ಆದರೆ ಮೆದುಳು, ಬೆನ್ನುಹುರಿಯೊಳಗೆ ಇಳಿಯುತ್ತದೆ. 2015ರಲ್ಲಿ ಜರ್ಮನಿಯ ಬಾನ್ ನಗರದ ಸಂಶೋಧಕರು ಎಪೋಥಿಲೋನ್ ಬಿ ಕೊಟ್ಟ ಇಲಿಗಳಲ್ಲಿ ಬೆನ್ನುಹುರಿಯ ಗಾಯದ ನಂತರ ತಂತು ಬೆಳೆದದ್ದನ್ನೂ ನಡಿಗೆ ಸುಧಾರಿಸಿದ್ದನ್ನೂ ತೋರಿಸಿದರು. "ನರ ಬೆಳೆಸುವ ಇಂಜೆಕ್ಷನ್" ಎಂದು ಓಡಾಡುವ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು ಈ ಕೆಲಸ. ಇಲಿಗಳಿಗೆ ಮೊದಲ ಚುಚ್ಚುಮದ್ದು ಕೊಟ್ಟದ್ದು ಗಾಯದ ಮರುದಿನವೇ. ಮೂರು ವರ್ಷದ ಹಿಂದೆ ಅಡಿಕೆ ಮರದಿಂದ ಬಿದ್ದ ಕೊನೆಗೌಡರಿಗೆ (ಅಡಿಕೆ ಕೊನೆ ಇಳಿಸುವವರಿಗೆ) ಇದರಿಂದ ಏನೂ ಹೇಳಲಾಗದು. ಇದರ ತಮ್ಮನಂತಿರುವ ಎಪೋಥಿಲೋನ್ ಡಿ ಅಲ್ಝೈಮರ್ ರೋಗಿಗಳ ಸಣ್ಣ ಪ್ರಯೋಗದವರೆಗೆ ಬಂದು ಅಲ್ಲಿಗೇ ನಿಂತಿತು.

ಡಾವುನೆಟೈಡ್: ಮೂಗಿಗೆ ಸಿಂಪಡಿಸುವ ಸಣ್ಣ ಪ್ರೋಟೀನ್ ತುಣುಕು. ಪಿಎಸ್‌ಪಿ ಇದ್ದ 313 ಜನರಿಗೆ ಒಂದು ವರ್ಷ ಕೊಟ್ಟು ನೋಡಿದರು. 2014ರಲ್ಲಿ ಫಲಿತಾಂಶ ಬಂತು: ಖಾಲಿ ಸ್ಪ್ರೇ ಪಡೆದವರಿಗೂ ಇವರಿಗೂ ವ್ಯತ್ಯಾಸವಿರಲಿಲ್ಲ.

ಟಿಪಿಐ-287: ಪ್ಯಾಕ್ಲಿಟ್ಯಾಕ್ಸೆಲ್ ಬಂಧು, ಮೆದುಳಿಗೆ ಇಳಿಯುವಂತೆ ಮಾರ್ಪಡಿಸಿದ್ದು. 2020ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಅಲ್ಝೈಮರ್ ಇದ್ದ ಕೆಲವರಿಗೆ ತೀವ್ರ ಅಲರ್ಜಿಯಾಯಿತು, ಪಿಎಸ್‌ಪಿಯಂಥ ಕಾಯಿಲೆ ಇದ್ದವರಲ್ಲಿ ಬೀಳುವುದು ಹೆಚ್ಚಾಯಿತು.

ಇವಲ್ಲದೆ ಕೊಳವೆಯ ಮೇಲಿನ ರಾಸಾಯನಿಕ ಗುರುತು ಬದಲಿಸುವ ಪಾರ್ಥೆನೋಲೈಡ್, ಕೊಳವೆ ಕತ್ತರಿಸುವ ಪ್ರೋಟೀನನ್ನು ತಡೆಯುವ ಉಪಾಯಗಳು ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿವೆ. ಬರೀ ಗಟ್ಟಿಮಾಡುವ ಹಳೆಯ ದಾರಿಗಿಂತ ಇವು ಹೆಚ್ಚು ಭರವಸೆಯವು ಎಂಬುದು ನಮ್ಮ ಅಂದಾಜು. ಅಂದಾಜನ್ನು ನಂಬಿ ಯಾರೂ ಔಷಧಿ ತರಿಸಬಾರದು.

ಇಲ್ಲಿ ಜನ ಎಡವುವ ಜಾಗ: ಆನ್‌ಲೈನಿನಲ್ಲಿ ಈ ಹೆಸರುಗಳ ಪುಡಿ ಮಾರಾಟಕ್ಕೆ ಕಾಣುತ್ತದೆ, ಲೇಬಲ್ ಮೇಲೆ "ಸಂಶೋಧನೆಗೆ ಮಾತ್ರ" ಎಂದಿರುತ್ತದೆ. ಅದು ಪ್ರಯೋಗಾಲಯದ ಗಾಜಿನ ತಟ್ಟೆಗೆ ಹಾಕುವ ರಾಸಾಯನಿಕ. ಮನುಷ್ಯರಿಗೆ ಚುಚ್ಚುವಷ್ಟು ಶುದ್ಧವಾಗಿದೆಯೆಂದು, ಕ್ರಿಮಿರಹಿತವೆಂದು ಯಾರೂ ಖಾತರಿ ಕೊಟ್ಟಿರುವುದಿಲ್ಲ.

4. ಮನೆಯ ಔಷಧಿ ಡಬ್ಬಿಯನ್ನೂ ಬೇಲಿಯನ್ನೂ ತಪಾಸಣೆ ಮಾಡಿ

ಈ ಗುಂಪಿನ ಔಷಧಿ ನಿಮ್ಮ ಮನೆಯಲ್ಲಿ ಈಗಾಗಲೇ ಇರಬಹುದು. ಸ್ಟ್ರಿಪ್‌ಗಳನ್ನು ಹರಡಿಕೊಂಡು, ಕಂಪನಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಮೂಲ ಹೆಸರು ಓದಿ.

ಕಾಲ್ಚಿಸಿನ್: ಗೌಟ್ ಎಂಬ ಕೀಲುನೋವಿಗೆ ಕೊಡುವ ಮಾತ್ರೆ. ಕೊಳವೆ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಬೇಕಾದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ದೂರ ಕಡಿಮೆ. ಕೆಮ್ಮು–ಜ್ವರಕ್ಕೆ ಕೊಡುವ ಕ್ಲಾರಿಥ್ರೋಮೈಸಿನ್ ಜೊತೆಗೆ ಸೇರಿದರೆ ಕಾಲ್ಚಿಸಿನ್ ಮೈಯಲ್ಲಿ ಏರಿ ಪ್ರಾಣಕ್ಕೇ ಬರಬಹುದು, ಕಿಡ್ನಿ ತೊಂದರೆ ಇದ್ದವರಿಗಂತೂ ಹೆಚ್ಚು. ಹೊಸ ಮಾತ್ರೆ ಬರೆಸಿಕೊಳ್ಳುವಾಗ "ನಾನು ಕಾಲ್ಚಿಸಿನ್ ನುಂಗುತ್ತೇನೆ" ಎಂದು ಬಾಯಿಬಿಟ್ಟು ಹೇಳಿ.

ಇದೇ ಕಾಲ್ಚಿಸಿನ್ ಚೌತಿ ಹೊತ್ತಿಗೆ ನಮ್ಮ ಬೇಲಿ, ಬೆಟ್ಟಗಳಲ್ಲಿ ಕೆಂಪು–ಹಳದಿ ಜ್ವಾಲೆಯಂತೆ ಅರಳುವ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ, ಗಡ್ಡೆಯಲ್ಲೂ ಬೀಜದಲ್ಲೂ ತುಂಬಿದೆ. ಹೂವು ಪೂಜೆಗೆ ಸಾಕು. "ನರಕ್ಕೆ ಒಳ್ಳೆಯದು" ಎಂದು ಯಾರು ಹೇಳಿದರೂ ಗಡ್ಡೆ ಅರೆದು ಕುಡಿಯಬೇಡಿ. ಯಾವ ಗಡ್ಡೆಯಲ್ಲಿ ಎಷ್ಟು ವಿಷವಿದೆಯೆಂದು ಅಳೆಯುವ ಉಪಾಯ ಮನೆಯಲ್ಲಿಲ್ಲ. ಗೆಣಸೆಂದು ತಪ್ಪಿ ತಿಂದವರೂ ಇದ್ದಾರೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ಅದು ನಿಂತಿತೆಂದು ಆಸ್ಪತ್ರೆಯಿಂದ ಮನೆಗೆ ಕರೆತರಬೇಡಿ. ಮುಂದಿನ ದಿನಗಳಲ್ಲಿ ರಕ್ತಕಣ ಇಳಿಯುವುದು, ಕಿಡ್ನಿ ಸೋಲುವುದು, ಕೈಕಾಲು ಬಲ ಕಳೆದುಕೊಳ್ಳುವುದು ಬರುತ್ತದೆ. ಉಳಿದ ಗಡ್ಡೆಯ ಚೂರನ್ನು ವೈದ್ಯರಿಗೆ ತೋರಿಸಲು ಒಯ್ಯಿರಿ.

ವಿನ್‌ಕ್ರಿಸ್ಟಿನ್: ಅಂಗಳದ ನಿತ್ಯಪುಷ್ಪದಿಂದ ಬಂದ ಔಷಧಿ, ರಕ್ತದ ಕ್ಯಾನ್ಸರಿಗೆ ಕೊಡುತ್ತಾರೆ. ನರಕ್ಕೆ ಪೆಟ್ಟು ಕೊಡುವುದರಲ್ಲಿ ಮುಂದು. ಮಲಬದ್ಧತೆ ಶುರುವಾಯಿತೆಂದರೆ ಹೊಟ್ಟೆಯ ನರಕ್ಕೆ ತಗುಲಿದ ಲಕ್ಷಣವಿರಬಹುದು, ಕೂಡಲೇ ಹೇಳಬೇಕು. ಕರಾವಳಿಯ ಬೆವರಿಗೆ ಹುಳುಕಡ್ಡಿ ಬಂದಾಗ ಅಂಗಡಿಯಿಂದ ತಂದು ನುಂಗುವ ಇಟ್ರಾಕೊನಜೋಲ್ ಇದರ ಜೊತೆ ಸೇರಿದರೆ ವಿಷ ಹಲವು ಪಟ್ಟು ಏರುತ್ತದೆ. ಕೀಮೋ ನಡೆಯುತ್ತಿರುವ ಮನೆಯಲ್ಲಿ ತುರಿಕೆಯ ಮಾತ್ರೆಯನ್ನೂ ಕೇಳದೆ ಕೊಡಬೇಡಿ. ಸಕ್ಕರೆ ಕಾಯಿಲೆಗೆಂದು ನಿತ್ಯಪುಷ್ಪದ ಎಲೆ ಅಗಿಯುವ ರೂಢಿಯನ್ನೂ ಬಿಡಿ.

ಜಂತುಹುಳಕ್ಕೆ ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್ ಕೂಡ ಟ್ಯೂಬುಲಿನ್‌ಗೇ ಅಂಟುತ್ತದೆ, ಆದರೆ ಹುಳದ್ದಕ್ಕೆ ಹೆಚ್ಚು. 400 ಮಿ.ಗ್ರಾಂ. ಮಾತ್ರೆಯಿಂದ ಮಕ್ಕಳ ನರಕ್ಕೆ ಅಪಾಯವಿಲ್ಲ, ಹೆದರಬೇಡಿ. ದನಕರುಗಳ ಜಂತುಮದ್ದು ಫೆನ್‌ಬೆಂಡಜೋಲನ್ನು ಮನುಷ್ಯರು ನುಂಗುವ ಸಲಹೆ ಮಾತ್ರ ಕಸದ ಬುಟ್ಟಿಗೆ ಹೋಗಬೇಕು.

ಪ್ಯಾಕ್ಲಿಟ್ಯಾಕ್ಸೆಲ್ ನಡೆಯುತ್ತಿದ್ದರೆ ನೋಟ್‌ಬುಕ್ಕಿನಲ್ಲಿ ವಾರವಾರ ಬರೆಯಿರಿ: ಬ್ಲೌಸಿನ ಹುಕ್ಕು, ಅಂಗಿಯ ಗುಂಡಿ ಹಾಕಲು ಕಷ್ಟವೇ? ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗದೆ ನಾಲ್ಕು ಹೆಜ್ಜೆ ನಡೆದಿರಾ? ಕತ್ತಲಲ್ಲಿ ಕಾಲು ತಡವರಿಸುತ್ತದೆಯೇ? ಜೋಮು ಬೆರಳ ತುದಿಯಿಂದ ಮೇಲೆ ಏರುತ್ತಿದೆಯೇ? ಇದನ್ನು ಮುಂದಿನ ಡೋಸಿಗೆ ಮುಂಚೆ ತೋರಿಸಬೇಕು, ನಂತರವಲ್ಲ. ಡೋಸು ಇಳಿಸುವುದು, ಮುಂದೂಡುವುದು ವೈದ್ಯರ ಕೈಲಿದೆ. ನೀವಾಗಿ ನಿಲ್ಲಿಸಿದರೆ ಕ್ಯಾನ್ಸರ್ ಕೈಮೀರುತ್ತದೆ. ನೋವಿದ್ದರೆ ಡ್ಯುಲೋಕ್ಸೆಟಿನ್ ಮಾತ್ರೆಗೆ ಒಂದಿಷ್ಟು ಆಧಾರವಿದೆ. "ನರದ ಟಾನಿಕ್" ಎಂದು ಮಾರುವ ಅಸಿಟೈಲ್ ಎಲ್-ಕಾರ್ನಿಟಿನ್ ಮಾತ್ರ ಬೇಡ, ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಿ ಪಡೆಯುತ್ತಿದ್ದ ಮಹಿಳೆಯರಿಗೆ ಅದನ್ನು ಕೊಟ್ಟು ನೋಡಿದಾಗ ಜೋಮು ಹೆಚ್ಚಾಯಿತು. ಹಾಗೆಯೇ ವಿಟಮಿನ್ ಬಿ6, ಅಂದರೆ ಪಿರಿಡಾಕ್ಸಿನ್, ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದರಿಂದಲೇ ನರ ಕೆಡುತ್ತದೆ. ಎರಡು ಮೂರು ಟಾನಿಕ್‌ಗಳಲ್ಲಿ ಅದೇ ಬಿ6 ಇದ್ದರೆ ಲೆಕ್ಕ ಕೂಡಿಸಿ ವೈದ್ಯರಿಗೆ ಹೇಳಿ.

5. ಗಾಯ ಹಸಿಯಾಗಿದ್ದರೆ ದಿನ ಎಣಿಸಿ

ಮೆಟ್ಟುಗತ್ತಿ, ಮೀನು ಕೊಯ್ಯುವ ಕತ್ತಿ, ಒಡೆದ ಗಾಜು, ಬೋಟಿನ ವಿಂಚಿನ ತಂತಿ, ಯಾವುದೇ ಇರಲಿ, ಮಣಿಕಟ್ಟು ಅಥವಾ ಅಂಗೈ ಕೊಯ್ದಿದ್ದರೆ ಸ್ವಚ್ಛ ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸಿ. ಅರಿಶಿನ, ಕಾಫಿಪುಡಿ, ಸುಣ್ಣ ಹಾಕಬೇಡಿ. ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲೇ ಈ ಪರೀಕ್ಷೆ ಆಗಬೇಕು, ಆಮೇಲೆ ಏನೂ ಗೊತ್ತಾಗುವುದಿಲ್ಲ:

ತೋರುಬೆರಳ ತುದಿಯನ್ನು ಹಗುರವಾಗಿ ಮುಟ್ಟಿ. ಸ್ಪರ್ಶವಿಲ್ಲದಿದ್ದರೆ, ಅಥವಾ ಹೆಬ್ಬೆರಳನ್ನು ಕಿರುಬೆರಳ ಬುಡಕ್ಕೆ ತಾಗಿಸಲಾಗದಿದ್ದರೆ ಮೀಡಿಯನ್ ನರ.
ಕಿರುಬೆರಳ ತುದಿ ಮುಟ್ಟಿ. ಸ್ಪರ್ಶವಿಲ್ಲದಿದ್ದರೆ, ಅಥವಾ ಬೆರಳುಗಳ ನಡುವೆ ಹಿಡಿದ ಕಾಗದ ಜಾರಿದರೆ ಅಲ್ನರ್ ನರ.
ಅಂಗೈ ಹಿಂಭಾಗದಲ್ಲಿ ಹೆಬ್ಬೆರಳು–ತೋರುಬೆರಳ ನಡುವಿನ ಚರ್ಮ ಮುಟ್ಟಿ. ಸ್ಪರ್ಶವಿಲ್ಲದಿದ್ದರೆ ರೇಡಿಯಲ್ ನರಕ್ಕೆ ಪೆಟ್ಟು. ಗಾಯ ತೋಳಿನಲ್ಲಿದ್ದರೆ ಮಣಿಕಟ್ಟನ್ನೇ ಎತ್ತಲಾಗುವುದಿಲ್ಲ.

ಇವುಗಳಲ್ಲಿ ಒಂದು ತಪ್ಪಿದರೂ ಬರೀ ಚರ್ಮದ ಹೊಲಿಗೆ ಹಾಕಿಸಿಕೊಂಡು ಮನೆಗೆ ಬರಬೇಡಿ. ಹೊರಗಿನ ಗಾಯ ಒಣಗಿ ನಾಲ್ಕು ತಿಂಗಳಾದ ಮೇಲೆ "ಬೆರಳು ಮರಗಟ್ಟಿದೆ" ಎಂದು ಬರುವವರೇ ಹೆಚ್ಚು, ಅಷ್ಟರಲ್ಲಿ ತುಂಡಾದ ತುದಿಗಳು ಹಿಂದೆ ಸರಿದಿರುತ್ತವೆ, ನೇರ ಹೊಲಿಗೆಯ ಬದಲು ಕಾಲಿನಿಂದ ನರ ತೆಗೆದು ಜೋಡಿಸಬೇಕಾಗುತ್ತದೆ. ಹರಿತ ವಸ್ತುವಿನಿಂದ ಕೊಯ್ದ ನರವನ್ನು ಮೊದಲ ಕೆಲವು ದಿನಗಳಲ್ಲೇ ಹೊಲಿಯುವುದು ಉತ್ತಮ. ಉತ್ತರ ಕನ್ನಡ ಜಿಲ್ಲೆಯಲ್ಲಿ ಸೂಕ್ಷ್ಮ ನರ ಶಸ್ತ್ರಚಿಕಿತ್ಸೆ ಸುಲಭವಾಗಿ ಸಿಗುವುದಿಲ್ಲ. ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾದ ಬಾಂಬೋಳಿಗೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುವುದು ವಾಡಿಕೆ. ಹೊರಡುವ ಮೊದಲು ಫೋನ್ ಮಾಡಿ "ಕೈಯ ನರ ಹೊಲಿಯುವ ಸರ್ಜನ್ ಇವತ್ತು ಇದ್ದಾರಾ?" ಎಂದೇ ಕೇಳಿ. ಘಟ್ಟ ಹತ್ತಿ ಹೋಗಿ ವಾಪಸ್ ಬರುವ ಗತಿ ತಪ್ಪುತ್ತದೆ.

ಬೈಕ್ ಅಪಘಾತದಲ್ಲಿ ಭುಜ ಒಂದು ಕಡೆ, ಕುತ್ತಿಗೆ ಇನ್ನೊಂದು ಕಡೆ ಎಳೆದು ಇಡೀ ಕೈ ಜೋತುಬಿದ್ದಿದ್ದರೆ ಅದು ಬ್ರೇಕಿಯಲ್ ಪ್ಲೆಕ್ಸಸ್ ಗಾಯ, ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಗೊಂಚಲಿಗೆ ಆದ ಪೆಟ್ಟು. ಇಲ್ಲಿ ನರದ ಕರೆಂಟ್ ಪರೀಕ್ಷೆಯ ದಿನ ಮುಖ್ಯ. ಮೊದಲ ವಾರದಲ್ಲಿ ತುಂಡಾದ ನರದ ಕೆಳಭಾಗವೂ ಕರೆಂಟ್ ಒಯ್ಯುತ್ತದೆ, ವರದಿ ಚೆನ್ನಾಗಿದೆ ಎಂದು ಬಂದು ಮೋಸವಾಗುತ್ತದೆ. ಮೂರರಿಂದ ನಾಲ್ಕು ವಾರಕ್ಕೆ ಮಾಡಿಸಿ. ಮೂರು ತಿಂಗಳಾದರೂ ಚಲನೆ ಮರಳದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಎತ್ತಿ, ಆರು ತಿಂಗಳ ಒಳಗೆ ಆದರೆ ಫಲ ಚೆನ್ನಾಗಿರುತ್ತದೆ. ಬೇರು ಸಹಿತ ಕಿತ್ತಿದೆಯೆಂದು ಎಂಆರ್‌ಐ ಹೇಳಿದರೆ ಮೂರು ತಿಂಗಳು ಕಾಯುವುದೂ ಬೇಡ.

ಇಷ್ಟು ಅವಸರ ಏಕೆಂದು ಟೇಪು ಹಿಡಿದು ನೀವೇ ನೋಡಿ. ಕೈಕಾಲಿನ ನರ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿ.ಮೀ. ಗಾಯದ ಜಾಗದಿಂದ ಸೋತ ಸ್ನಾಯುವಿನವರೆಗೆ ಅಳೆಯಿರಿ. ಎಷ್ಟು ಮಿಲಿಮೀಟರೋ ಅಷ್ಟು ದಿನ, ಜೊತೆಗೆ ಶುರುವಿನ ಕೆಲವು ವಾರ ಸೇರಿಸಿ. ಮೊಣಕೈಯಿಂದ ಅಂಗೈಗೆ 30 ಸೆಂ.ಮೀ. ಎಂದರೆ 300 ದಿನ. ಭುಜದಿಂದ ಅಂಗೈಗೆ 65 ಸೆಂ.ಮೀ. ಎಂದರೆ ಒಂದೂಮುಕ್ಕಾಲು ವರ್ಷ ದಾಟುತ್ತದೆ. ನರವಿಲ್ಲದ ಸ್ನಾಯು ಹನ್ನೆರಡರಿಂದ ಹದಿನೆಂಟು ತಿಂಗಳಿಗೆ ಮತ್ತೆ ನರವನ್ನು ಒಪ್ಪಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ನರ ಬಂದು ತಲುಪುವ ಹೊತ್ತಿಗೆ ಸ್ನಾಯುವೇ ಇರುವುದಿಲ್ಲ. ಅದಕ್ಕಾಗಿಯೇ ಸರ್ಜನ್‌ಗಳು ಹತ್ತಿರದ ಇನ್ನೊಂದು ನರದ ಕವಲನ್ನು ತಂದು ಜೋಡಿಸುತ್ತಾರೆ. ವಿಜ್ಞಾನಿಗಳು ಮೈಕ್ರೋಟ್ಯೂಬ್ಯೂಲ್ ಔಷಧಿಗೆ ತಲೆ ಕೊಟ್ಟಿರುವುದೂ ಈ ದಿನಕ್ಕೊಂದು ಮಿಲಿಮೀಟರನ್ನು ಹೆಚ್ಚಿಸಲಿಕ್ಕೇ. ಆ ಔಷಧಿ ಬರಲೆಂದು ಶಸ್ತ್ರಚಿಕಿತ್ಸೆ ಮುಂದೂಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಕಾಯುವ ತಿಂಗಳುಗಳಲ್ಲಿ ದಿನವೂ ಬೆರಳಿನ ಪ್ರತಿ ಗಿಣ್ಣನ್ನು ಇನ್ನೊಂದು ಕೈಯಿಂದ ಮಡಚಿ ಬಿಡಿಸಿ, ಕೀಲು ಗಟ್ಟಿಯಾದರೆ ನರ ಬಂದೂ ಪ್ರಯೋಜನವಿಲ್ಲ. ಸ್ಪರ್ಶವಿಲ್ಲದ ಕೈಯನ್ನು ಹಂಡೆಯ ಬಿಸಿನೀರಿಗೆ ಮೊದಲು ಅದ್ದಬೇಡಿ, ಇನ್ನೊಂದು ಕೈಯಿಂದ ಬಿಸಿ ನೋಡಿ. ರಾತ್ರಿ ಮಲಗುವಾಗ ಕೈ, ಪಾದ ಪರೀಕ್ಷಿಸಿ. ನರದ ದಾರಿಯುದ್ದಕ್ಕೂ ಬೆರಳಿನಿಂದ ತಟ್ಟಿದಾಗ ಝುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗೆ ಇಳಿಯುತ್ತಿದ್ದರೆ ತಂತು ಬೆಳೆಯುತ್ತಿದೆ ಎಂದು ಅರ್ಥ. ತಿಂಗಳಿಗೊಮ್ಮೆ ಅಳೆದು ಬರೆದಿಡಿ.

ಮರದಿಂದ ಬಿದ್ದು ಕಾಲಿನ ಬಲ ಹೋಗಿದ್ದರೆ ತೋಳು, ಕಾಲು ಹಿಡಿದು ಎತ್ತಬೇಡಿ. ತಲೆ, ಕುತ್ತಿಗೆ, ಸೊಂಟ ಒಂದೇ ಗೆರೆಯಲ್ಲಿರುವಂತೆ ನಾಲ್ಕು ಜನ ಸೇರಿ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ, 108ಕ್ಕೆ ಕರೆ ಮಾಡಿ.

6. ಸುದ್ದಿ ಬಂದರೆ ನಾಲ್ಕು ಪ್ರಶ್ನೆ ಕೇಳಿ

ಯಾವ ಜೀವಿಯ ಮೇಲೆ? ಇಲಿಯ ಕಾಲಿನ ನರ ಕೆಲವೇ ಸೆಂ.ಮೀ. ಬೆಳೆದರೆ ಸಾಕು. ಯಾವ ನರದಲ್ಲಿ? ಕಣ್ಣಿನ ನರದ ಫಲಿತಾಂಶ ಕೈಯ ನರಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಗಾಯವಾದ ಎಷ್ಟು ಹೊತ್ತಿಗೆ ಕೊಟ್ಟರು? ಏನಕ್ಕೆ ಹೋಲಿಸಿ ನೋಡಿದರು? ಹೋಲಿಕೆಯೇ ಇಲ್ಲದ "ಹತ್ತು ರೋಗಿಗಳಿಗೆ ಗುಣವಾಯಿತು" ಎಂಬ ಮಾತಿಗೆ ಬೆಲೆ ಕಡಿಮೆ, ಏಕೆಂದರೆ ಜಜ್ಜಿದ ನರ ಔಷಧಿಯಿಲ್ಲದೆಯೂ ಸರಿಹೋಗುತ್ತದೆ.

ಪಾರ್ಕಿನ್ಸನ್ ಇದ್ದವರ ಮನೆಯವರಿಗೆ ಒಂದು ಮಾತು: ಮೊದಲ ವರ್ಷದಲ್ಲೇ ಹಿಂದಕ್ಕೆ ಬೀಳುವುದು, ಕಣ್ಣನ್ನು ಕೆಳಗೆ ಹೊರಳಿಸಲು ಕಷ್ಟವಾಗುವುದು ಇದ್ದರೆ ಅದು ಪಿಎಸ್‌ಪಿ ಇರಬಹುದು, ನರರೋಗ ತಜ್ಞರಿಗೆ ಹೇಳಿ. ಹೊಸ ಔಷಧಿಯ ಸುದ್ದಿ ಕೇಳಿ ಲೆವೊಡೋಪಾ ಮಾತ್ರೆ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯ.

7. "ಪ್ರಯೋಗಕ್ಕೆ ಸೇರಿಸುತ್ತೇವೆ" ಎಂದರೆ ಕಾಗದ ನೋಡಿ

ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಔಷಧಿ ಪ್ರಯೋಗ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಬೇಕು. 2009ರಿಂದ ಇದು ಕಡ್ಡಾಯ. ನೋಂದಣಿ ಸಂಖ್ಯೆಯಲ್ಲಿ ವರ್ಷ, ತಿಂಗಳು, ಆಮೇಲೆ ಕ್ರಮಸಂಖ್ಯೆ ಇರುತ್ತದೆ. ಸಂಖ್ಯೆ ಕೇಳಿ ಪಡೆದು ಸಿಟಿಆರ್‌ಐ ಜಾಲತಾಣದಲ್ಲಿ ಹುಡುಕಿ. ಅಲ್ಲಿ ಆಸ್ಪತ್ರೆಯ ಹೆಸರು, ಪ್ರಯೋಗದ ಹಂತ, ರೋಗಿಗಳನ್ನು ಈಗ ಸೇರಿಸಿಕೊಳ್ಳುತ್ತಿದ್ದಾರೋ ಇಲ್ಲವೋ, ಎಥಿಕ್ಸ್ ಕಮಿಟಿ, ಅಂದರೆ ರೋಗಿಗಳ ಹಿತ ಕಾಯುವ ಸಮಿತಿ, ಒಪ್ಪಿದೆಯೋ ಎಂಬುದೆಲ್ಲ ಕಾಣಬೇಕು. ನೋಂದಣಿ ಇದೆ ಎಂದ ಮಾತ್ರಕ್ಕೆ ಔಷಧಿ ಫಲಕಾರಿ ಎಂದಲ್ಲ, ಅಲ್ಲಿ ಬರೀ ಗಮನಿಸುವ ಅಧ್ಯಯನಗಳೂ ದಾಖಲಾಗಿರುತ್ತವೆ.

ಸಹಿ ಹಾಕುವ ಮುನ್ನ ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ. ಓದಲು ಬಾರದವರಿದ್ದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಪ್ರಯೋಗದ ಔಷಧಿಗೆ ನಿಮ್ಮಿಂದ ಹಣ ಕೇಳಿದರೆ ಅಲ್ಲಿಗೇ ಎದ್ದು ಬನ್ನಿ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮಗಳಲ್ಲಿದೆ. ಆ ಸಾಲು ಪತ್ರದಲ್ಲಿದೆಯೇ ನೋಡಿ. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆಗೆ ತಡೆಯಾಗಬಾರದು. ಸಹಿಯಾದ ಒಂದು ಪ್ರತಿ ನಿಮ್ಮ ಬಳಿ ಇರಲಿ.

"ಸ್ಟೆಮ್ ಸೆಲ್ ಹಾಕಿ ನರ ಬೆಳೆಸುತ್ತೇವೆ, ಲಕ್ಷಗಟ್ಟಲೆ ಖರ್ಚಾಗುತ್ತದೆ" ಎನ್ನುವವರಿಗೂ ಇದೇ ಅಳತೆಗೋಲು. ಬೆನ್ನುಹುರಿಯ ಗಾಯಕ್ಕೆ, ಮರೆವಿಗೆ ಅದು ಒಪ್ಪಿತ ಚಿಕಿತ್ಸೆಯಲ್ಲ.

ಇನ್ನು ಯಾವ ಔಷಧಿಯಿಂದಲೇ ಆಗಲಿ, ನಾಟಿ ಮದ್ದಿನಿಂದಲೇ ಆಗಲಿ, ಹೊಸದಾಗಿ ಜೋಮು, ಬಲಹೀನತೆ ಕಂಡರೆ ವೈದ್ಯರಿಗೆ ಹೇಳುವುದರ ಜೊತೆಗೆ ಔಷಧಿ ದುಷ್ಪರಿಣಾಮಗಳ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ದೂರು ಕೊಡಬಹುದು. ಕರೆ ಉಚಿತ, ಕೆಲಸದ ದಿನಗಳಲ್ಲಿ ಹಗಲು ಹೊತ್ತು ಎತ್ತುತ್ತಾರೆ. ಕರೆ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ, ಅದರ ಮೇಲಿನ ಬ್ಯಾಚ್ ಸಂಖ್ಯೆ, ಶುರುಮಾಡಿದ ದಿನ ಮತ್ತು ತೊಂದರೆ ಕಂಡ ದಿನ ಕೇಳುತ್ತಾರೆ.